ಕೊಯ್ಯದೆ ಬಿಟ್ಟ ಒಂಬತ್ತು ಕಿಲೋಮೀಟರು

ಸುಮ್ಮನೆ ಕೂರುವುದು ನನ್ನ ಕೈಲಾಗದ ಕೆಲಸ. ಹದಿನೆಂಟು ವರ್ಷ ರಸ್ತೆ ಇಲಾಖೆಯ ಹುಲ್ಲು ಕೊಯ್ಯುವ ಟ್ರ್ಯಾಕ್ಟರ್ ಓಡಿಸಿದವನು ನಾನು. ಅದರ ಪಕ್ಕಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ತೋಳು, ತೋಳಿನ ತುದಿಯಲ್ಲಿ ಗಿರಗಿರ ತಿರುಗುವ ಬ್ಲೇಡು. ತೋಳನ್ನು ರಸ್ತೆ ಬದಿಯ ಚರಂಡಿಗೆ ಇಳಿಸಿ, ನಡೆಯುವವರಿಗಿಂತ ತುಸು ಜೋರಾಗಿ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು, ಮತ್ತೆ ಆ ಬದಿ ಹಿಡಿದು ವಾಪಸು ಬರುವುದು. ಅಷ್ಟು ಹೊತ್ತಿಗೆ ಮೊದಲು ಕೊಯ್ದದ್ದು ಚಿಗುರಿರುತ್ತದೆ. ಚರಂಡಿಯಲ್ಲಿ ಏನೇನು ಸಿಗುತ್ತದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಜನ ಚಪ್ಪಲಿಯನ್ನು ಯಾವಾಗಲೂ ಒಂಟಿಯಾಗಿಯೇ ಎಸೆಯುತ್ತಾರೆ. ಇಷ್ಟು ವರ್ಷದಲ್ಲಿ ಎರಡು ಒಟ್ಟಿಗೆ ಸಿಕ್ಕಿದ್ದು ಒಮ್ಮೆ, ಅವೂ ಎರಡೂ ಎಡಗಾಲಿನವು.

ಆ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಕಚೇರಿಗೆ ಹೊಸ ಇಂಜಿನಿಯರ್ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೆತ್ತಗೆ, ಆದರೆ ಹಿಡಿದ ಪ್ರಶ್ನೆ ಬಿಡುವವರಲ್ಲ.

"ಒಂದು ಕಿಲೋಮೀಟರಿಗೆ ಎಷ್ಟು ಡೀಸೆಲ್ ಕುಡಿಯುತ್ತೆ ಇದು?" ಎಂದರು.

"ಹುಲ್ಲು ನೋಡ್ಕೊಂಡು ಕುಡಿಯುತ್ತೆ ಮೇಡಂ."

"ಸರಿ. ಕೊಯ್ಯದೇ ಬಿಟ್ರೆ ಏನಾಗುತ್ತೆ?"

ಇದೂ ಒಂದು ಪ್ರಶ್ನೆಯೇ ಎಂದು ನನಗೆ ನಗು ಬಂತು. "ಬೆಳೆಯುತ್ತೆ," ಎಂದೆ. ಕಚೇರಿಯೆಲ್ಲ ನಕ್ಕಿತು. ಗುಮಾಸ್ತ ಬಿದ್ದುಬಿದ್ದು ನಕ್ಕ. ಅವರೊಬ್ಬರೇ ನಗದೆ ಅದನ್ನು ಬರೆದುಕೊಂಡರು. ನನಗೆ ಅವಮಾನವಾದದ್ದು ಅದರಿಂದ.

ವಾರದೊಳಗೆ ಆದೇಶ ಬಂತು. ಕಲ್ಲುಗಣಿ ರಸ್ತೆಯನ್ನು ಯಾವಾಗಿನಂತೆ ಕೊಯ್ಯಬೇಕು. ಶಾಲೆ ರಸ್ತೆ, ಒಂಬತ್ತು ಕಿಲೋಮೀಟರು, ಮಳೆಗಾಲ ಮುಗಿಯುವ ತನಕ ಮುಟ್ಟಬಾರದು. ಆಮೇಲೆ ಎರಡನ್ನೂ ಹೋಲಿಸಿ ನೋಡುವುದು. ಅಪಘಾತ ಎಷ್ಟು, ರಸ್ತೆಗೆ ನೀರು ಹತ್ತಿದ್ದು ಎಷ್ಟು ಸಲ, ಡೀಸೆಲ್ ಎಷ್ಟು ಲೀಟರ್ ಉಳಿಯಿತು.

"ವ್ಯತ್ಯಾಸ ಏನೂ ಕಾಣದಿದ್ರೆ ಮುಂದಿನ ವರ್ಷದಿಂದ ಎಲ್ಲಾ ಕಡೆ ನಿಲ್ಲಿಸಿಬಿಡೋಣ. ನೀವೇನೂ ಚಿಂತೆ ಮಾಡಬೇಡಿ, ನಿಮಗೆ ನೀರಿನ ಟ್ಯಾಂಕರ್ ಕೊಡ್ತೀವಿ," ಎಂದರು ಮೇಡಂ. ಹೊಟ್ಟೆಪಾಡಿಗೆ ಕುತ್ತಿಲ್ಲ ಎಂದು ಸಮಾಧಾನ ಮಾಡಿದ್ದು ಅವರ ಒಳ್ಳೆಯತನ. ಆದರೆ ಹದಿನೆಂಟು ವರ್ಷ ನೀನು ಮಾಡಿದ್ದು ದಂಡ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದನ್ನು ಮಡಚಿ ಯಾವ ಜೇಬಿನಲ್ಲಿ ಇಟ್ಟುಕೊಳ್ಳಲಿ?

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಗಣಿ ರಸ್ತೆ ಕೊಯ್ದು ಮನೆಗೆ ಬಂದವನೇ ಮುಖ ತೊಳೆಯುವ ಮೊದಲೇ ಸ್ಕೂಟರ್ ಹತ್ತಿ ಶಾಲೆ ರಸ್ತೆಗೆ ಹೋಗುತ್ತಿದ್ದೆ. ಒಂಬತ್ತು ಕಿಲೋಮೀಟರು ಹೋಗಿ, ಒಂಬತ್ತು ಕಿಲೋಮೀಟರು ಬಂದು, ಮತ್ತೆ ಅಂಗಳದಲ್ಲಿ ಅಂಡು ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದೆ.

"ದಿನಾ ಸಂಜೆ ಯಾರನ್ನ ನೋಡೋಕೆ ಹೋಗ್ತೀರಿ? ಯಾರು ಅಂತ ಹೇಳಿ, ನಾನೂ ಒಂದ್ಸಲ ಬಂದು ನೋಡ್ತೀನಿ," ಎಂದಳು ಹೆಂಡತಿ.

"ಹುಲ್ಲು ನೋಡೋಕೆ ಕಣೆ."

"ಅಯ್ಯೋ, ಯಾರಾದ್ರೂ ಹೆಂಗಸಾಗಿದ್ರೆ ಜಗಳ ಆಡಬಹುದಿತ್ತು. ಹುಲ್ಲಿನ ಹತ್ರ ಏನಂತ ಆಡ್ಲಿ!"

ಹುಲ್ಲು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆದರೆ ಏನೂ ಆಗಲಿಲ್ಲ. ನೇರ ರಸ್ತೆಯಲ್ಲಿ ಅದು ತನ್ನ ಪಾಡಿಗೆ ತಾನು ತೂಗುತ್ತಿತ್ತು, ಗಾಡಿಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. ಹಳದಿ ಹೂವು ಬೇರೆ ಬಿಟ್ಟಿತು. ಒಬ್ಬಳು ಗಾಡಿ ನಿಲ್ಲಿಸಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ನನ್ನ ಟ್ರ್ಯಾಕ್ಟರಿನ ಮುಂದೆ ಇದುವರೆಗೆ ಯಾರೂ ಫೋಟೋ ತೆಗೆಸಿಕೊಂಡಿಲ್ಲ.

ಮುಚ್ಚುಮರೆ ಏಕೆ, ಏನಾದರೂ ಆಗಲಿ ಎಂದು ನಾನು ಕಾಯುತ್ತಿದ್ದೆ. ದೊಡ್ಡದೇನೂ ಬೇಡ. ಯಾರಾದರೂ ತಿರುವಿನಲ್ಲಿ ಎದುರು ಗಾಡಿ ಕಾಣದೆ ಚರಂಡಿಗೆ ಇಳಿಯಲಿ, ಬಂಪರ್ ಸೊಟ್ಟಗಾಗಲಿ, ಮೈಗೆ ತರಚು ಗಾಯವೂ ಬೇಡ, ಆದರೆ ಕಚೇರಿಗೆ ಬಂದು ಗಟ್ಟಿಯಾಗಿ ಕೂಗಾಡಲಿ. ಹಾಗೆ ಮನಸ್ಸಿನಲ್ಲೇ ಅಪಘಾತವನ್ನು ಹೊಲಿಗೆಯವನಿಗೆ ಅಳತೆ ಕೊಟ್ಟಂತೆ ಹೇಳಿ ಮಾಡಿಸುತ್ತಿದ್ದೆ. ಜಾಗವನ್ನೂ ಆರಿಸಿಟ್ಟಿದ್ದೆ. ಇಟ್ಟಿಗೆ ಗೂಡಿನ ತಿರುವು.

ಆ ತಿರುವಿನಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಒಂದು ಸಂಜೆ ನಾನು ಅಲ್ಲೇ ಸ್ಕೂಟರ್ ನಿಲ್ಲಿಸಿ ನಿಂತಿದ್ದೆ. ಗೂಡಿನ ಕಡೆಯಿಂದ ಇಟ್ಟಿಗೆ ಲಾರಿ ಬರುವ ಸದ್ದು ಕೇಳಿಸಿತು. ಈ ಕಡೆಯಿಂದ ಮೂರು ಸಲ ಹಾರ್ನ್ ಕೇಳಿಸಿತು. ಆ ಹಾರ್ನ್ ನನಗೆ ಗೊತ್ತು. ನನ್ನ ತಂಗಿ ಶಾಲೆಯ ಪುಟ್ಟ ವ್ಯಾನ್ ಓಡಿಸುತ್ತಾಳೆ, ಅದರಲ್ಲಿ ಹದಿನಾಲ್ಕು ಮಕ್ಕಳು. ಲಾರಿಯೂ ಕಾಣುತ್ತಿಲ್ಲ, ವ್ಯಾನೂ ಕಾಣುತ್ತಿಲ್ಲ, ಎರಡೂ ಕೇಳುತ್ತಿವೆ. ನಾನು ಕೈ ಎತ್ತಿ ರಸ್ತೆಯ ನಡುವೆ ಓಡಿದೆನೋ, ಓಡಬೇಕೆಂದುಕೊಂಡು ನಿಂತೇ ಇದ್ದೆನೋ, ಈಗ ನೆನಪಿಲ್ಲ. ಬ್ರೇಕ್ ಕಿರುಚಿತು. ಲಾರಿ ವ್ಯಾನಿನ ಕನ್ನಡಿಯನ್ನು ಮಡಚಿ ಮುಂದೆ ಹೋಯಿತು, ಅಷ್ಟೇ. ಮಕ್ಕಳು ಅದೊಂದು ಆಟವೆಂದುಕೊಂಡು ಹೋ ಎಂದು ಕೂಗಿದರು.

ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಮುಖ ಬಿಳಿಚಿಕೊಂಡಿತ್ತು.

"ನಿಂತು ನೋಡ್ತಿದೀಯಲ್ಲಣ್ಣ! ನಿನ್ನ ಟ್ರ್ಯಾಕ್ಟರ್ ಎಲ್ಲಿ ಸತ್ತಿದೆ?"

ನಾನು ಹೇಳಿ ಮಾಡಿಸಿದ ಅಪಘಾತವೇ ಅದು. ಒಳಗೆ ಯಾರನ್ನು ಕೂರಿಸಬೇಕು ಎಂದು ಮಾತ್ರ ನಾನು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಮೇಡಂ ತರಬೇತಿಗೆ ಹೋಗಿದ್ದರು, ವಾರ ಕಳೆದ ಮೇಲೆ ಬರುವವರು. ಗುಮಾಸ್ತ ಪಟ್ಟಿ ತೆಗೆದ.

"ಅಪಘಾತ ಆಯ್ತಾ?"

"ಆಗ್ತಿತ್ತು."

"ಆಯ್ತಾ ಅಂತ ಕೇಳ್ದೆ."

"ಇಲ್ಲ."

"ಹಾಗಾದ್ರೆ ಯಾವ ಕಾಲಮ್ಮಿಗೆ ಬರೀಲಿ ಮಾರಾಯ? ನಿನ್ನ ಗಾಡಿ ಉಳಿಸ್ಕೊಳ್ಳೋಕೆ ಕತೆ ಕಟ್ಟಬೇಡ."

ಸಿಟ್ಟು ನೆತ್ತಿಗೇರಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನನ್ನ ಮಾತನ್ನು ಯಾರು ನಂಬಿಯಾರು?

ಮುಂದಿನ ಭಾನುವಾರ ಬೆಳಗಿನ ಐದೂವರೆಗೆ ಹಿತ್ತಲಿನಲ್ಲಿದ್ದ ಕುಡುಗೋಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ. ಕಳ್ಳತನಕ್ಕೆ ಹೋದವನ ಹಾಗೆ ಆಚೀಚೆ ನೋಡುತ್ತ ಗೂಡಿನ ತಿರುವನ್ನು ಕೊಯ್ದೆ. ಮೂವತ್ತು ಹೆಜ್ಜೆಯಷ್ಟು, ಅಷ್ಟೇ. ನನ್ನ ಬೆನ್ನು ಬಗ್ಗಿ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತೋ, ಏಳುವಾಗ ಟಕ್ ಎಂದಿತು. ಬಂದ ಮೇಲೆ ಇನ್ನೆರಡು ತಿರುವು ಬಿಡುವುದೇಕೆ ಎಂದು ಅವನ್ನೂ ಕೊಯ್ದೆ. ರಸ್ತೆ ಕೆಳಗೆ ನೀರು ದಾಟುವ ನಾಲ್ಕು ಮೋರಿಗಳಿದ್ದವು. ಅವುಗಳ ಬಾಯಿಗೆ ಸಿಕ್ಕಿಕೊಂಡ ಕಸ, ಬಾಟಲಿ, ಒಂಟಿ ಚಪ್ಪಲಿ ಎಲ್ಲ ಎಳೆದು ಮೇಲೆ ಹಾಕಿದೆ. ಎಂಟು ಗಂಟೆಗೆ ಮನೆಯಲ್ಲಿದ್ದೆ.

ಹೆಂಡತಿ ನನ್ನ ಪ್ಯಾಂಟನ್ನು ನೋಡಿದಳು, ಮುಖವನ್ನು ನೋಡಿದಳು. "ಟ್ರ್ಯಾಕ್ಟರ್ ಮೇಲೆ ಕೂತವರ ಮೊಣಕಾಲಿಗೆ ಕೆಸರು ಹತ್ತೋಲ್ಲ," ಎಂದಳು. ಆಮೇಲೆ ಏನೂ ಕೇಳಲಿಲ್ಲ. ಪ್ರತಿ ಶನಿವಾರ ಕುಡುಗೋಲು ಮಸೆದಿಟ್ಟಿರುತ್ತಿತ್ತು. ಮಸೆದದ್ದು ನಾನಲ್ಲ.

ಮೇಡಂ ತರಬೇತಿ ಮುಗಿಸಿ ಬಂದರು. ಹೇಳಬೇಕೆಂದುಕೊಂಡೆ. ಆದರೆ ಮುಟ್ಟಬೇಡ ಎಂದ ಕಡೆ ಕುಡುಗೋಲು ಇಟ್ಟಾಗಿತ್ತು, ಈಗ ಏನೆಂದು ಹೇಳಲಿ? ಹಾಗೆ ಹತ್ತು ಭಾನುವಾರ ಕಳೆದವು. ವಾರದ ಆರು ದಿನ ಗಣಿ ರಸ್ತೆಯಲ್ಲಿ ಡೀಸೆಲ್ ಸುರಿದು ಕೊಯ್ಯುವುದು, ಏಳನೆಯ ದಿನ ಶಾಲೆ ರಸ್ತೆಯಲ್ಲಿ ಕದ್ದು ಕೊಯ್ಯುವುದು. ಸಂಬಳದ ಕೆಲಸಕ್ಕಿಂತ ಕಳ್ಳಕೆಲಸವೇ ಅಚ್ಚುಕಟ್ಟಾಗಿ ಆಗುತ್ತಿತ್ತು, ಅದು ನನಗೂ ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ತಳಮಳ ಹೆಚ್ಚುತ್ತಿತ್ತು.

ಮಳೆ ಜೋರಾಯಿತು. ಗಣಿ ರಸ್ತೆಯಲ್ಲಿ ನಾನು ಕೊಯ್ದು ಬಿಟ್ಟ ಹುಲ್ಲು ತೇಲಿಕೊಂಡು ಹೋಗಿ ಮೋರಿಗಳ ಬಾಯಿಗೆ ಕೂತು, ನೀರು ಎರಡು ಸಲ ರಸ್ತೆಗೆ ಹತ್ತಿತು. ಶಾಲೆ ರಸ್ತೆಯ ನೀರು ಮಾತ್ರ ಯಾರೋ ದಾರಿ ತೋರಿಸಿದ ಹಾಗೆ ನೆಟ್ಟಗೆ ಹರಿದುಹೋಯಿತು.

ಮಳೆಗಾಲ ಮುಗಿದ ಮೇಲೆ ಸಭೆ ಸೇರಿತು. ಮೇಡಂ ಮುಖದಲ್ಲಿ ಖುಷಿ ತುಳುಕುತ್ತಿತ್ತು.

"ಕೊಯ್ಯದ ರಸ್ತೆ ನೋಡಿ. ಅಪಘಾತ ಸೊನ್ನೆ, ನೀರು ಹತ್ತಿದ್ದು ಸೊನ್ನೆ. ಉಳಿದಿದ್ದು ನಾನೂರ ಇಪ್ಪತ್ತು ಲೀಟರ್ ಡೀಸೆಲ್. ಕೊಯ್ದ ರಸ್ತೆಗೇ ಎರಡು ಸಲ ನೀರು ಬಂದಿದೆ."

"ಹುಲ್ಲು ಇದ್ರೆ ನೀರನ್ನ ಹಿಡಿದುಕೊಳ್ಳುತ್ತೆ ಮೇಡಂ, ನಮ್ಮ ಕಾಲದಲ್ಲೇ ಹೇಳ್ತಿದ್ರು," ಎಂದ ಗುಮಾಸ್ತ. ಅವನ ಕಾಲ ಯಾವುದೋ ನನಗೆ ತಿಳಿಯದು, ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಹಾಗಾದ್ರೆ ಮುಂದಿನ ವರ್ಷದಿಂದ ಎಲ್ಲೂ ಬೇಡ ಅಂತ ಬರೀತೀನಿ," ಎಂದು ಮೇಡಂ ಪೆನ್ನು ತೆಗೆದರು.

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಟ್ರ್ಯಾಕ್ಟರ್ ಹೋಗುತ್ತದೆ. ಬಾಯಿ ಬಿಟ್ಟರೆ, ವಾರಕ್ಕೆ ಎರಡು ಗಂಟೆ ಕುಡುಗೋಲು ಆಡಿಸಿ ಆಗುವ ಕೆಲಸಕ್ಕೆ ನಾನೂರು ಲೀಟರ್ ಸುಡುತ್ತಿದ್ದೆವು ಎಂದು ನಾನೇ ಸಾರಿದಂತೆ, ಆಗಲೂ ಟ್ರ್ಯಾಕ್ಟರ್ ಹೋಗುತ್ತದೆ. ನನಗಂತೂ ಎರಡು ಕಡೆಯೂ ಒಂದೇ. ವ್ಯತ್ಯಾಸವಿದ್ದದ್ದು ಗೂಡಿನ ತಿರುವಿಗೆ ಮಾತ್ರ. ಟ್ಯಾಂಕರ್ ಓಡಿಸಿಕೊಂಡು ನಾನು ಬೇರೆಲ್ಲೋ ಇರುತ್ತೇನೆ, ಹುಲ್ಲು ಮತ್ತೆ ಎದೆಮಟ್ಟ ಬರುತ್ತದೆ, ಮತ್ತೆ ಮೂರು ಸಲ ಹಾರ್ನ್.

"ಬರೀಬೇಡಿ ಮೇಡಂ. ನಾನು ಕೊಯ್ದಿದೀನಿ."

ಎಲ್ಲವನ್ನೂ ಹೇಳಿದೆ. ಲಾರಿ, ವ್ಯಾನು, ಹತ್ತು ಭಾನುವಾರ. ಹೇಳುತ್ತ ಹೇಳುತ್ತ ಧ್ವನಿ ಏರಿತು, ನನ್ನ ಮೇಲೆ ನನಗೇ ಬಂದ ಸಿಟ್ಟು ಅದು. ಮೇಡಂ ಪೆನ್ನು ಕೆಳಗಿಟ್ಟರು. ನಾಲ್ಕು ತಿಂಗಳ ಅವರ ಲೆಕ್ಕಾಚಾರಕ್ಕೆ ನಾನು ಮಣ್ಣು ಹಾಕಿದ್ದೆ.

"ಇಂಥ ಜಾಗ, ಕೊಯ್ಯಲೇಬೇಕಾದ ಜಾಗ, ನಮ್ಮ ವ್ಯಾಪ್ತಿಯಲ್ಲಿ ಒಟ್ಟು ಎಷ್ಟಿವೆ?" ಎಂದು ಕೇಳಿದರು.

"ನಲವತ್ತೊಂದು," ಎಂದೆ. ಯೋಚಿಸಲೂ ಇಲ್ಲ.

"ಬರೆದಿಟ್ಟಿದೀರಾ?"

"ಬರೆಯೋದೇನು ಮೇಡಂ, ಅಲ್ಲಿಗೆ ಬಂದ ತಕ್ಷಣ ಕೈ ತಾನಾಗಿ ಗೇರ್ ಇಳಿಸುತ್ತೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ಎಷ್ಟು ಕಿಲೋಮೀಟರ್ ಕೊಯ್ದೆ ಅಂತ ಕೇಳಿದ್ರು, ಕಿಲೋಮೀಟರ್ ಹೇಳ್ದೆ."

ಮಾತು ಚುರುಕಾಗಿಯೇ ಬಂತು, ಆದರೆ ಅರ್ಧ ಸುಳ್ಳು. ಹೇಳಿದರೆ ಟ್ರ್ಯಾಕ್ಟರ್ ಹೋಗುತ್ತದೆಂದು ನನಗೆ ಒಳಗೊಳಗೇ ಗೊತ್ತಿತ್ತು. ಎತ್ತರದ ಸೀಟಿನಲ್ಲಿ ಕೂತು ಊರೂರು ದಾಟುವುದು ನನಗೆ ಇಷ್ಟವಿತ್ತು. ಬಹಳ ಇಷ್ಟವಿತ್ತು.

ಆದೇಶ ಮೀರಿದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ ಬಂತು. ಅದರ ಜೊತೆಗೇ ಹೊಸ ಕೆಲಸವೂ ಬಂತು. ಟ್ರ್ಯಾಕ್ಟರಿಗೆ ಟಾರ್ಪಾಲು ಹೊದಿಸಿ ಬೀಗದ ಕೈಯನ್ನು ಗುಮಾಸ್ತನ ಮೇಜಿನ ಮೇಲಿಟ್ಟೆ. ಈಗ ನನ್ನ ಹತ್ತಿರ ಇರುವುದು ಹೆಗಲಿಗೆ ನೇತುಹಾಕಿಕೊಂಡು ಹುಲ್ಲು ಕತ್ತರಿಸುವ ಒಂದು ಪುಟ್ಟ ಯಂತ್ರ, ಮೋರಿಗೊಂದು ಉದ್ದದ ಕೊಕ್ಕೆ, ನಲವತ್ತೊಂದು ಜಾಗ. ವಾರಕ್ಕೆ ಒಂದು ಕ್ಯಾನು ಪೆಟ್ರೋಲ್ ಸಾಕು.

ಮೊದಲ ದಿನ ಗೂಡಿನ ತಿರುವಿನಲ್ಲೇ ಶುರು ಮಾಡಿದೆ. ತಂಗಿಯ ವ್ಯಾನು ಬಂತು. ಹಾರ್ನ್ ಆಗಲಿಲ್ಲ. ಮಕ್ಕಳನ್ನೆಲ್ಲ ಇಳಿಸಿ ಬರುತ್ತಿದ್ದಳು, ನನ್ನ ಪಕ್ಕದಲ್ಲಿ ನಿಲ್ಲಿಸಿದಳು.

"ಟ್ರ್ಯಾಕ್ಟರ್ ಕಿತ್ಕೊಂಡ್ರಂತೆ. ಅಳ್ತಿದೀಯಾ?"

"ಹುಲ್ಲಿನ ಧೂಳು ಕಣೆ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಅಣ್ಣ, ಆವತ್ತು ಲಾರಿ ಬಂದಾಗ ಇಲ್ಲಿ ಏನು ಮಾಡ್ತಿದ್ದೆ ನೀನು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಸ್ಕೂಟರ್ ಕೆಟ್ಟಿತ್ತು ಎನ್ನಬಹುದಿತ್ತು.

"ಯಾರಾದ್ರೂ ಚರಂಡಿಗೆ ಬೀಳ್ಲಿ ಅಂತ ಕಾಯ್ತಿದ್ದೆ," ಎಂದೆ.

ಅವಳು ನನ್ನನ್ನು ನೋಡಿದಳು. ಚಿಕ್ಕಂದಿನಿಂದ ನನ್ನನ್ನು ಎಷ್ಟೋ ಸಲ ಬೈದವಳು, ಈಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಖಾಲಿ ಸೀಟುಗಳ ಕಡೆ ಒಮ್ಮೆ ತಿರುಗಿದಳು. ಆಮೇಲೆ ಗೇರ್ ಹಾಕಿದಳು.

"ಆ ಕಡೆ ಬದೀನೂ ಇನ್ನೂ ಸ್ವಲ್ಪ ಕೊಯ್ಯಿ. ನನ್ನ ವ್ಯಾನು ಎತ್ತರ ಕಮ್ಮಿ," ಎಂದು ಹೇಳಿ ಹೋದಳು.

ನಾನು ರಸ್ತೆ ದಾಟಿ, ಆ ಕಡೆಯ ಚರಂಡಿಗೆ ಇಳಿದು, ಅವಳ ಸೀಟಿನ ಎತ್ತರಕ್ಕೆ ಮಂಡಿ ಬಗ್ಗಿಸಿ ನೋಡಿದೆ. ಅವಳು ಹೇಳಿದ್ದು ನಿಜ, ಹುಲ್ಲು ಇನ್ನೂ ಅಡ್ಡ ಬರುತ್ತಿತ್ತು. ಯಂತ್ರ ಚಾಲೂ ಮಾಡಿದೆ.