ಸೋಮವಾರದ ಕೂಗು

ಬಂದರಿನಲ್ಲಿ ಅಣುಶಕ್ತಿಯ ಸಬ್‌ಮರೀನುಗಳು ತಂಗುತ್ತಿದ್ದವು. ಅವುಗಳಲ್ಲಿ ಏನಾದರೂ ಎಡವಟ್ಟಾದರೆ ಊರಿಗೆ ತಿಳಿಯಲಿ ಎಂದು ಒಂದು ಸೈರನ್. ಅದು ಕೆಟ್ಟಿಲ್ಲವೆಂದು ನೋಡಲು ಪ್ರತಿ ಸೋಮವಾರ ಮಧ್ಯಾಹ್ನ ಕೂಗಿಸುತ್ತಿದ್ದರು. ಬೇರೆ ದಿನ ಕೂಗಿದರೆ ಕಿಟಕಿ ಮುಚ್ಚಿ ವಿಕಿರಣ ತಾಗದಂತೆ ಅಯೋಡಿನ್ ಮಾತ್ರೆ ನುಂಗಬೇಕೆಂದು ಹೇಳಿ, ಮಾತ್ರೆಗಳನ್ನು ಮನೆಮನೆಗೂ ಹಂಚಿದ್ದರು. ಬರಬರುತ್ತಾ ಊರು ಆ ಕೂಗನ್ನೇ ಗಡಿಯಾರ ಮಾಡಿಕೊಂಡಿತ್ತು. ಕ್ಷೌರದವನು ಅದು ಕೇಳಿದೊಡನೆ ಅರ್ಧ ದಿನದ ರಜೆಗೆ ಬಾಗಿಲೆಳೆಯುತ್ತಿದ್ದ. ದರ್ಜಿಯಮ್ಮ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಅವಳ ಮೊಮ್ಮಗ ಗುಂಡ, ಜೋಗುಳಕ್ಕೆ ಸೊಪ್ಪು ಹಾಕದ ಆಸಾಮಿ, ಆ ಕೂಗಿಗೆ ಮಾತ್ರ ತಣ್ಣಗೆ ಮಲಗುತ್ತಿದ್ದ.

ಆ ದಿನ ಕಡಲಿನ ಮಂಜು ಬೀದಿಯೊಳಗೇ ಬಂದಿತ್ತು. ಮನೆಗಳೂ ತೂಕಡಿಸುತ್ತಿದ್ದಂತಿತ್ತು. ಸೈರನ್ ಕೂಗಿತು. ದರ್ಜಿಯಮ್ಮನ ಕೈ ತಾನಾಗಿ ಎಣ್ಣೆಡಬ್ಬಿಗೆ ಹೋಯಿತು. ಗುಂಡನ ಕಣ್ಣು ಮುಚ್ಚಿತು. ಎದುರಂಗಡಿಯ ಕ್ಷೌರದವನು ಅರ್ಧ ಗಡ್ಡದ ಗಿರಾಕಿಯನ್ನು ಎಬ್ಬಿಸಿ ಕಳಿಸಿ, ಬಾಗಿಲೆಳೆದು ದರ್ಜಿಯಮ್ಮನ ಕಡೆ ತಿರುಗಿದ.

“ಈ ಸಲ ಸೋಮವಾರ ಬೇಗ ಬಂತಲ್ಲ, ಅಕ್ಕಾ.”

“ವಯಸ್ಸಾದ್ಮೇಲೆ ವಾರಗಳಿಗೂ ಅವಸರ ಕಣಪ್ಪ.”

ಯಾರಿಗೂ ಅನುಮಾನವೇ ಬರಲಿಲ್ಲ. ಕೂಗಿದೆಯೆಂದರೆ ಸೋಮವಾರ, ಮುಗಿಯಿತು.

ಆಗ ದರ್ಜಿಯಮ್ಮನ ಮಗಳು, ಗುಂಡನ ತಾಯಿ, ಆಫೀಸಿನಿಂದ ಏದುಸಿರು ಬಿಡುತ್ತಾ ಓಡಿ ಬಂದಳು. “ಕಿಟಕಿ ಯಾಕಮ್ಮ ತೆಗೆದಿದೆ? ಇವತ್ತು ಬುಧವಾರ.”

ದರ್ಜಿಯಮ್ಮ ಎಣ್ಣೆಡಬ್ಬಿ ಬಿಟ್ಟು ಎದ್ದಳು. ಮಗಳು ಕಿಟಕಿಗಳನ್ನು ಬಡಿದು ಮುಚ್ಚಿದಳು. ದರ್ಜಿಯಮ್ಮ ಮಾತ್ರೆಯನ್ನು ಪುಡಿ ಮಾಡಿ ಸಕ್ಕರೆ ನೀರಿನಲ್ಲಿ ಕದಡಿದಳು. ಆದರೆ ಗುಂಡ ಏಳಲೊಲ್ಲ. ಕೆನ್ನೆ ತಟ್ಟಿದರು, ಮುಖಕ್ಕೆ ನೀರು ಚಿಮುಕಿಸಿದರು. ಹೊರಗೆ ಸೈರನ್ ಕೂಗುತ್ತಲೇ ಇತ್ತು, ಕೂಗಿದಷ್ಟೂ ಮಗು ನಿದ್ದೆಯ ಆಳಕ್ಕೆ ಇಳಿಯುತ್ತಿತ್ತು. ಕೊನೆಗೆ ದರ್ಜಿಯಮ್ಮ ಅವನ ತೊಡೆ ಚಿವುಟಿದಳು. ಅವನು ಬಾಯ್ಬಿಟ್ಟು ಅತ್ತು, ಸಮಾಧಾನವಾದ ಮೇಲೆ ಚಮಚೆ ಚಮಚೆಯಾಗಿ ಕುಡಿದ.

ಸಂಜೆ ಮೈಕಿನ ಗಾಡಿ ಬಂತು. ಏನೂ ಆಗಿಲ್ಲ, ಯಾರೋ ಕೈತಪ್ಪಿ ಗುಂಡಿ ಒತ್ತಿದ್ದಾರೆ ಎಂದಿತು. ಬೀದಿಯವರು ಅರ್ಧ ಗಡ್ಡದವನನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದರ್ಜಿಯಮ್ಮನಿಗೆ ನಗು ಬರಲಿಲ್ಲ. ಕಡಲಿಗಿಂತ ಅವಳಿಗೆ ಈಗ ಆ ನಿದ್ದೆಯ ಭಯ.

ಮುಂದಿನ ಸೋಮವಾರ ಸೈರನ್ ಕೂಗಿತು. ಗುಂಡನ ರೆಪ್ಪೆ ಜಾರಿತು. ಅವಳು ಅವನನ್ನು ಮಡಿಲಿಗೆ ಎಳೆದುಕೊಂಡು, ಹಲ್ಲು ಕಚ್ಚಿ, ತೊಡೆ ಚಿವುಟಿದಳು.

“ಮಲಗಬಾರ್ದು ಕಂದಾ. ಇದನ್ನ ಕೇಳಿದ್ರೆ ಅಳ್ಬೇಕು.”

ಮಗು ಕಿಟಕಿಯ ಕಡೆ ನೋಡಲೇ ಇಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಾ, ಅವಳ ಕೈಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಾ ಅತ್ತಿತು.