ತಟ್ಟೆಯಲ್ಲಿ ಉಳಿದದ್ದು

ತಟ್ಟೆ ಖಾಲಿ ಇರಬೇಕಿತ್ತು.

ಬೆಳಗ್ಗೆ ದೊಡ್ಡ ಹಸುವಿನ ಗರ್ಭ ತೊಳೆದು ತೆಗೆದ ದ್ರವದಲ್ಲಿ ಸಿಕ್ಕಿದ್ದು ಆರು ಭ್ರೂಣ. ಆರನ್ನೂ ಡಾಕ್ಟರ ಸಹಾಯಕಿಯಾದ ಅವಳೇ ಹುಡುಕಿ, ಆರು ಸಣ್ಣ ಸ್ಟ್ರಾಗಳಿಗೆ ಎಳೆದುಕೊಟ್ಟಿದ್ದಳು. ಡಾಕ್ಟರು ಆರು ಕಡಸುಗಳ ಗರ್ಭಕ್ಕೆ ಅವನ್ನು ಬಿಟ್ಟಿದ್ದರು. ಇನ್ನುಳಿದದ್ದು ತಟ್ಟೆ ತೊಳೆಯುವುದು. ಗ್ಯಾಸ್ ಆರಿಸಿ ಬಂದ ಮೇಲೂ ಬಾಗಿಲಿಂದ ವಾಪಸ್ ಹೋಗಿ ನೋಡುವವರ ಜಾತಿ ಅವಳದು. ತೊಳೆಯುವ ಮುಂಚೆ ಮೈಕ್ರೋಸ್ಕೋಪಿನಡಿ ಒಮ್ಮೆ ನೋಡಿದಳು. ಅಂಚಿನಲ್ಲಿ ದುಂಡಗೆ ಏನೋ ಕೂತಿತ್ತು.

ನೇರ ನೋಡಿದರೆ ಮಸುಕು, ಯಾರೋ ಒದ್ದೆ ಬೆರಳಿಂದ ಒರೆಸಿದ ಹಾಗೆ. ಹಳೆಯ ಮೇಷ್ಟರನ್ನು ಬೀದಿಯಲ್ಲಿ ಕಂಡಂತೆ ಓರೆಗಣ್ಣಿಂದ ನೋಡಿದರೆ ಮಾತ್ರ ತೆಳ್ಳನೆಯ ಚಿಪ್ಪು, ಅದರೊಳಗೆ ದ್ರಾಕ್ಷಿ ಗೊಂಚಲಿನಂಥ ಒಂದು ಮುದ್ದೆ ಕಾಣುತ್ತಿತ್ತು. ಅನುಮಾನವೇ ಇಲ್ಲ, ಭ್ರೂಣ.

ಮೂರನೆಯ ಸ್ಟ್ರಾ ತುಂಬಿದಾಗ ಅದರೊಳಗೂ ಒಂದು ದುಂಡನೆಯದು ಕಂಡಿತ್ತು. ಇದೆ ಅಂದುಕೊಂಡು ಕೊಟ್ಟಿದ್ದಳು. ಗಾಳಿಯ ಗುಳ್ಳೆಯೂ ದುಂಡಗೇ ಇರುತ್ತದೆ.

ಕಣ್ಣಿನ ಈ ಮಸುಕು ಶುರುವಾಗಿ ನಾಲ್ಕು ತಿಂಗಳು. ಅವಳ ಅಮ್ಮನಿಗೂ ಹೀಗೇ, ಇದೇ ವಯಸ್ಸಿನಲ್ಲಿ ಶುರುವಾಗಿದ್ದು; ಐದು ವರ್ಷದೊಳಗೆ ಅಮ್ಮ ಮಗಳನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುತ್ತಿದ್ದಳು. ಕಣ್ಣಿನ ಆಸ್ಪತ್ರೆಯ ಚೀಟಿ ಕೈಚೀಲದಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಹೋದರೆ ರೋಗಕ್ಕೆ ಹೆಸರಿಟ್ಟು ಹೇಳುತ್ತಾರೆ, ಅದು ಬೇಡ.

"ಏನು ಹದ್ದು, ಅಂಗಡಿ ಮುಚ್ಚೋಣ್ವಾ?" ಮೇವಿನ ಕೋಣೆಯ ಬಾಗಿಲಲ್ಲಿ ಡಾಕ್ಟರು ಭುಜದವರೆಗಿನ ಗ್ಲೌಸು ಸುಲಿಯುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಭ್ರೂಣವನ್ನೂ ಕಣ್ತಪ್ಪಿ ಬಿಟ್ಟವಳಲ್ಲ ಎಂದು ಅವರೇ ಇಟ್ಟ ಹೆಸರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಬಗ್ಗಿ ನೋಡಿಯೂ ಆಗಿತ್ತು.

"ಅಯ್ಯೋ ಇವಳ! ಇನ್ನೊಂದಿದೆ! ಯಜಮಾನ್ತೀ, ಬನ್ನಿ ಇಲ್ಲಿ. ನಮ್ಮ ಹದ್ದು ಏಳನೇದು ಹಿಡಿದಿದೆ!"

ಕೊಟ್ಟಿಗೆಯ ಯಜಮಾನಿ ರಬ್ಬರ್ ಬೂಟು ಪಚಪಚ ಅನ್ನಿಸುತ್ತ ಬಂದಳು. ಅವಳು 'ದೊಡ್ಡಮ್ಮ' ಎಂದು ಕರೆಯುವ ಆ ಹಸುವಿನ ಸೊಂಟ ಮುರಿದಿತ್ತು. ತಾನೇ ಹೊತ್ತು ಹೆರಲಾರದು, ಇನ್ನೊಮ್ಮೆ ಗರ್ಭ ತೊಳೆಸಿಕೊಂಡು ನಿಲ್ಲಲೂ ಆರದು. ಆ ತಳಿ ಉಳಿದರೆ ಇವತ್ತಿನದರಲ್ಲಿ ಉಳಿಯಬೇಕು.

"ನಾನು ಹೇಳ್ಲಿಲ್ವಾ ಡಾಕ್ಟ್ರೇ, ನಮ್ಮ ದೊಡ್ಡಮ್ಮ ಜಿಪುಣಿ ಅಲ್ಲ ಅಂತ! ತಂಗಿ, ನಿನ್ನ ಕಣ್ಣಿಗೆ ದೃಷ್ಟಿ ತೆಗೀಬೇಕು ಕಣೇ."

ಸುಳ್ಳು ಹೇಳುವ ಶ್ರಮವೂ ಇರಲಿಲ್ಲ, ಸುಮ್ಮನಿದ್ದರೆ ಸಾಕು. ಬೆದೆಗೆ ತಂದಿದ್ದ ಏಳನೆಯ ಕಡಸು ಕೆಲಸವಿಲ್ಲದೆ ಹೊರಗೆ ನಿಂತೇ ಇತ್ತು. ಇಟ್ಟದ್ದರಲ್ಲಿ ಹೇಗೂ ಅರ್ಧ ನಿಲ್ಲುವುದಿಲ್ಲ. ಮೂರನೆಯದು ಗಬ್ಬವಾಗದಿದ್ದರೆ ಯಾರೂ ಕೇಳರು. ಇಷ್ಟು ಸಲೀಸಾಗಿರುವುದೇ ಅವಳನ್ನು ಇನ್ನಷ್ಟು ಹೆದರಿಸಿತು.

ಅವಳು ಬಗ್ಗಿದಳು. ಕೈ ನಡುಗಲಿಲ್ಲ, ಅದು ಸಂಬಳದ ಕೈ. ಹೊಸ ಸ್ಟ್ರಾಕ್ಕೆ ಸಿರಿಂಜು ಸಿಕ್ಕಿಸಿ ಎಳೆದು, ಅದನ್ನು ಮೈಕ್ರೋಸ್ಕೋಪಿನಡಿ ಮಲಗಿಸಿದಳು. ದುಂಡಗೆ ಏನೋ ಕಂಡಿತು. ಬೆಳಗ್ಗೆ ಕಂಡ ಹಾಗೆಯೇ.

"ಕೊಡು ಕೊಡು," ಡಾಕ್ಟರು ಕೈ ಚಾಚಿದರು.

"ಸರ್, ನೀವೊಂದ್ಸಲ ನೋಡಿ."

"ಹದ್ದು ನೋಡಿದ್ಮೇಲೆ ಗೂಬೆ ಯಾಕೆ ನೋಡ್ಬೇಕು?"

"ನಂಗೆ ಕಾಣ್ತಿಲ್ಲ ಸರ್."

ಡಾಕ್ಟರು ನಕ್ಕರು. ನಗು ಮುಖದಲ್ಲಿ ಇನ್ನೂ ಇರುವಾಗಲೇ ಕಣ್ಣಿನಿಂದ ಹೋಯಿತು.

"ಕಾಣ್ತಿಲ್ಲ ಅಂದ್ರೆ?"

"ಮಧ್ಯದಲ್ಲಿ ಮಸುಕು. ಬೆಳಗ್ಗೆ ಮೂರನೇ ಸ್ಟ್ರಾದಲ್ಲಿ ನಾನು ಕೊಟ್ಟಿದ್ದು ಗುಳ್ಳೆ ಇರ್ಬೇಕು. ಇದು ಏಳನೇದಲ್ಲ ಸರ್, ಅದರಲ್ಲಿ ಹೋಗ್ಬೇಕಿದ್ದ ಮೂರನೇದೇ ಇದು. ಅಥವಾ ಏಳನೇದೇನೋ. ಗೊತ್ತಿಲ್ಲ. ಗೊತ್ತಾಗ್ತಿಲ್ಲ ಅಂತಾನೇ ಹೇಳ್ತಿರೋದು."

"ಅಂದ್ರೆ," ಯಜಮಾನಿ ನಿಧಾನವಾಗಿ ಕೇಳಿದಳು, "ಆ ಮೂರನೇ ಕಡಸು, ಬಿಳಿ ಹಣೆಯವಳಿಗೆ ಬರೀ ಗಾಳಿ ಹಾಕಿದ್ರಾ?"

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು.

"ಎಷ್ಟು ದಿನದಿಂದ?" ಡಾಕ್ಟರು ಕೇಳಿದರು.

"ನಾಲ್ಕು ತಿಂಗಳು."

"ನಾಲ್ಕು ತಿಂಗಳಲ್ಲಿ ಎಷ್ಟು ಹಸು ಆಯ್ತು?"

"ಎಪ್ಪತ್ತೊಂದು." ತಡವರಿಸದೆ ಬಂತು. ನಿದ್ದೆ ಬಾರದ ಎಷ್ಟೋ ರಾತ್ರಿ ಎಣಿಸಿದ್ದಳು.

ಡಾಕ್ಟರ ದವಡೆ ಒಂದೆರಡು ಸಲ ಆಡಿತು. ಸ್ಟ್ರಾಕ್ಕೆ ಕಣ್ಣಿಟ್ಟು, "ಗುಳ್ಳೆ," ಅಂದರು. ತಟ್ಟೆಗೆ ಕಣ್ಣಿಟ್ಟು, "ಇಲ್ಲೇ ಇದೆ."

"ಬಿಳಿ ಹಣೆಯವಳಿಗೇ ಹಾಕಿಬಿಡಿ ಮತ್ತೆ," ಅಂದಳು ಯಜಮಾನಿ.

"ಬೇಡ. ಅಕಸ್ಮಾತ್ ಒಳಗೆ ಒಂದಿದ್ರೆ ಅವಳಿ ಆಗುತ್ತೆ, ತಾಯಿಗೇ ಕುತ್ತು. ಏಳನೇ ಕಡಸನ್ನ ಕಟ್ಟಿ."

ಯಜಮಾನಿ ಅವಳ ಮುಖವನ್ನೊಮ್ಮೆ ನೋಡಿ ಹೊರಟಳು. ಬೈದಿದ್ದರೆ ವಾಸಿ ಇತ್ತು.

ಡಾಕ್ಟರು ಹೊಸ ಸ್ಟ್ರಾ ಎತ್ತಿಕೊಂಡರು. ಆರು ಕಡಸುಗಳೊಳಗೆ ದುಡಿದು ಜೋಮು ಹಿಡಿದ ಕೈ. ಸ್ಟ್ರಾದ ತುದಿ ತಟ್ಟೆಯ ಅಂಚಿಗೆ ಟಕಟಕ ಬಡಿಯಿತು. ಕೆಳಗಿಟ್ಟರು. ಮತ್ತೆ ಎತ್ತಿದರು, ಮತ್ತೆ ಬಡಿಯಿತು.

"ಥೂ. ಈ ಕೈಗೆ ಹಸುವಿನ ಹೊಟ್ಟೆ ಬಿಟ್ರೆ ಬೇರೇನೂ ಬರಲ್ಲ. ನೀನು ಹಿಡಿ."

"ಸರ್, ನಂಗೆ..."

"ಕೇಳಿಸ್ತು. ನೋಡೋದು ನಾನು. ಹಿಡಿ ನೀನು."

ಅವಳ ಸ್ಟೂಲಿನ ಮೇಲೆ ಡಾಕ್ಟರು ಕೂತರು. ಅವಳು ಪಕ್ಕದಲ್ಲಿ ನಿಂತು, ಸಿರಿಂಜು ಸಿಕ್ಕಿಸಿದ ಸ್ಟ್ರಾವನ್ನು ತಟ್ಟೆಗೆ ಇಳಿಸಿದಳು.

"ಎಡಕ್ಕೆ. ಇನ್ನೂ. ಅಯ್ಯೋ, ಅಷ್ಟಲ್ಲ. ಒಂದು ಕೂದಲಷ್ಟು ಬಲಕ್ಕೆ. ನಿಲ್ಲು. ಈಗ."

ಅವಳು ಎಳೆದಳು. ಕೈಗೆ ಏನೂ ತಿಳಿಯಲಿಲ್ಲ. ಅದಕ್ಕೆ ತೂಕವೇ ಇಲ್ಲ. ಡಾಕ್ಟರು ಸ್ಟ್ರಾ ಇಸಿದುಕೊಂಡು ಮಲಗಿಸಿ, ಸಮಯ ತೆಗೆದುಕೊಂಡು ನೋಡಿದರು. ಹೊರಗೆ ಕಡಸು ಗೊರಸು ಬದಲಿಸಿತು.

"ಇದೆ."

"ಇನ್ನೊಂದ್ಸಲ ನೋಡಿ ಸರ್."

ಅವರು ಇನ್ನೊಂದು ಸಲ ನೋಡಿದರು.