ಸ್ಟಿಕ್ಕರಿನ ಕೆಳಗೆ

ಕಾರಿನ ಹಿಂದಿನ ಬಾಗಿಲಿಗೆ ಇನ್ನೊಂದು ಮಗ್ ನೀರು ಹಾಕಿ ಉಜ್ಜುತ್ತಿದ್ದೆ. ಸ್ಟಿಕ್ಕರಿನ ಒಂದು ಮೂಲೆ ಮೇಲೆದ್ದಿತು.

ಆಯುಧಪೂಜೆಯ ಬೆಳಗ್ಗೆ ಕಾರು ತೊಳೆಯುವುದು ನನ್ನ ಕೆಲಸ. ಓಡಿಸುವುದನ್ನು ಬಿಟ್ಟು ಎರಡು ವರ್ಷವಾಯಿತು. ನಾನು ಗೇಟಿನ ಕಂಬಕ್ಕೆ ತಾಗಿಸಿದ ಗೀರಿನ ಮೇಲೆ ನನ್ನ ಗಂಡ ವಿಜಯಕುಮಾರ್ ಈ ಸ್ಟಿಕ್ಕರ್ ಅಂಟಿಸಿದ್ದರು. ‘ಹೆಂಡತಿ ಡ್ರೈವಿಂಗ್, ದೂರ ಇರಿ!’ ಪೇಂಟ್ ಮಾಡಿಸೋಣ ಅಂದಿದ್ದಕ್ಕೆ, “ಇರ್ಲಿ ಬಿಡೇ, ನಾಲ್ಕು ಜನ ನಗ್ತಾರೆ” ಅಂದಿದ್ದರು.

ನಕ್ಕರು ಕೂಡ. ಗೃಹಪ್ರವೇಶ, ನಾಮಕರಣ, ಎಲ್ಲಿ ಹೋದರೂ ಇವರದು ಅದೇ ಮಾತು. “ಸಂಗೀತಾ ರಿವರ್ಸ್ ತಗೊಂಡ್ರೆ ಗುಡೀಲಿರೋ ಬನಶಂಕರಮ್ಮನೂ ಪಕ್ಕಕ್ಕೆ ಸರೀತಾಳೆ!”

ಮೂಲೆಯನ್ನು ಒತ್ತಿ ಕೂರಿಸಲು ಹೋದರೆ ಕೆಳಗೆ ಏನೋ ಹಳದಿ ಕಂಡಿತು. ಉಗುರಿನಿಂದ ಇನ್ನಷ್ಟು ಎತ್ತಿದೆ. ಗೀರಿನೊಳಗೆ ಹಳದಿ ಬಣ್ಣ ಮೆತ್ತಿಕೊಂಡಿದೆ, ಪಕ್ಕದಲ್ಲೇ ಕಪ್ಪು. ತಿರುಗಿ ಗೇಟಿನ ಕಂಬ ನೋಡಿದೆ. ಮನೆ ಕಟ್ಟಿದಾಗಿನಿಂದ ಅದಕ್ಕೆ ಬಿಳಿ ಸುಣ್ಣವೇ.

ಹಳದಿ-ಕಪ್ಪು ಪಟ್ಟೆಯ ಕಂಬಗಳಿರುವುದು ಇವರ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ.

ಎರಡು ವರ್ಷದ ಹಿಂದೆ ಆವತ್ತು ಅಮ್ಮನನ್ನು ಜೆ.ಪಿ. ನಗರಕ್ಕೆ ಮಂಡಿಯ ಫಿಸಿಯೋಥೆರಪಿಗೆ ಕರೆದೊಯ್ದು, ತ್ಯಾಗರಾಜನಗರದ ಮನೆಗೆ ಬಿಟ್ಟು ಬಂದಿದ್ದೆ. ಗೇಟಿನಲ್ಲಿ ಯಾವ ಸದ್ದೂ ಕೇಳಿರಲಿಲ್ಲ. ಮರುದಿನ ಕಾರು ಇವರ ಜೊತೆ ಆಫೀಸಿಗೆ ಹೋಗಿ ಬಂತು. ಬಂದವರೇ ಗೀರು ತೋರಿಸಿ, “ನಿನ್ನೆ ಏನ್ ಮಾಡಿದೀಯ ನೋಡು” ಎಂದು ಜೋರಾಗಿ ನಕ್ಕರು. ಬೈದಿದ್ದರೆ ವಾದ ಮಾಡುತ್ತಿದ್ದೆ. ನಗುವವರ ಹತ್ತಿರ ಏನು ವಾದ? ನಾನೂ ನಕ್ಕೆ. ಆಮೇಲೆ ಕಾರಿನ ಕೀ ಮುಟ್ಟಲೇ ಇಲ್ಲ. ಅಮ್ಮ ಈಗ ಪ್ರತಿ ಸೋಮವಾರ ಆಟೋ ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ “ಶಿವಾ” ಅನ್ನುತ್ತಾರೆ.

“ಇನ್ನೂ ಆಗಿಲ್ವಾ?” ಇವರು ವಿಭೂತಿ ತಟ್ಟೆ ಹಿಡಿದು ಬಂದರು. “ಸ್ಟಿಕ್ಕರ್ ಹತ್ರ ಜಾಸ್ತಿ ಉಜ್ಬೇಡ, ಕಿತ್ಕೊಂಡ್ ಬರುತ್ತೆ.”

ಅಂಗೈಯಿಂದ ಮೂಲೆ ಮುಚ್ಚಿಕೊಂಡೇ ಕೇಳಿದೆ. “ನಿಮ್ಮ ಆಫೀಸಲ್ಲಿ ಆ ಹಳದಿ ಕಂಬಗಳು ಹಂಗೇ ಇವೆಯಾ?”

“ಯಾವ ಕಂಬ?”

“ಬೇಸ್‌ಮೆಂಟಿಂದು.”

“ನಾನೀಗ ಮೆಟ್ರೋದಲ್ಲಿ ಹೋಗೋದಲ್ವೇನೇ? ಕಂಬ ಯಾರ್ ನೋಡ್ತಾರೆ?” ಎಂದರು. ಕಣ್ಣು ನನ್ನ ಕೈಯ ಮೇಲಿತ್ತು.

ಅಷ್ಟರಲ್ಲಿ ಮೈದುನ ಸೋಮನಾಥ್ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಎದ್ದ. “ಅತ್ತಿಗೆ, ಈ ಸಲ ನೀವೇ ಹತ್ತಿಸ್ಬಿಡಿ!”

“ಬೇಡಪ್ಪಾ, ಆಮೇಲೆ ಗೇಟಿಗೂ ಕುಂಬಳಕಾಯಿ ಒಡೀಬೇಕಾಗುತ್ತೆ!” ಇವರು ಮೊದಲೇ ನಕ್ಕರು. ಸೋಮನಾಥನೂ ನಕ್ಕ. ನಗುತ್ತಲೇ ಇವರು ನನ್ನ ಮುಖ ನೋಡಿದರು, ನಾನೂ ನಕ್ಕೆನೋ ಇಲ್ಲವೋ ಎಂದು. ಪ್ರತಿ ಸಲವೂ ಹೀಗೇ ನೋಡುತ್ತಿದ್ದರೇ? ನಾನು ಗಮನಿಸಿಯೇ ಇರಲಿಲ್ಲ.

ನಕ್ಕೆ. ಸ್ಟಿಕ್ಕರನ್ನು ಸರಿಯಾಗಿ ಒತ್ತಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡೆ. ಇವರು ಕಾರು ಮುಂದಕ್ಕೆ ಬಿಟ್ಟರು, ನಿಂಬೆಹಣ್ಣುಗಳು ಪಟಪಟನೆ ಒಡೆದವು.

ಕಾರಿನ ಇನ್ನೊಂದು ಕೀ ಬೀರುವಿನಲ್ಲಿ ನನ್ನ ಸೀರೆಗಳ ಕೆಳಗಿದೆ. ಸೋಮವಾರ ಆಟೋ ಕರೆಯುವುದಿಲ್ಲ. ಅಮ್ಮನಿಗೂ ಮುಂಚೆ ಹೇಳುವುದು ಬೇಡ. ಅವರ ಬಾಗಿಲಿಗೆ ಹೋಗಿ ಹಾರ್ನ್ ಮಾಡಿದರಾಯಿತು.